ದಿನಾ ನೀರು ಹಾಕಿದರೂ ಕುಂಡದ ಪೆಟೂನಿಯಾ ಬಾಡುತ್ತಿದ್ದರೆ

ಬೇಸಿಗೆ ಶುರುವಾದಾಗಿನಿಂದ 10 ಇಂಚಿನ ಕುಂಡದಲ್ಲಿದ್ದ ಪೆಟೂನಿಯಾ ಮಧ್ಯಾಹ್ನಕ್ಕೆ ಜೋತು ಬೀಳುತ್ತಿತ್ತು. ಮೊಗ್ಗು ಅರಳುವ ಮೊದಲೇ ಒಣಗುತ್ತಿತ್ತು. ನೀರು ಹಾಕಿದ ಕೂಡಲೇ ತಳದ ತೂತಿನಿಂದ ಹರಿಯುತ್ತಿತ್ತು. ಹಾಗಾಗಿ ನೀರು ಸಾಕಾಗಿದೆ ಅಂದುಕೊಂಡಿದ್ದೆ.

ಎರಡು ಹೊತ್ತು ನೀರು ಹಾಕಿದೆ, ಆಗಲಿಲ್ಲ. ನೆರಳಿಗೆ ಸರಿಸಿದೆ, ಹೂವೇ ಕಡಿಮೆಯಾಯಿತು. ಗೊಬ್ಬರ ಹಾಕಿದ್ದಂತೂ ತಪ್ಪು, ಎಲೆಯ ಅಂಚು ಸುಟ್ಟಿತು.

ಕೊನೆಗೆ ಬೆರಳನ್ನು ಎರಡು ಇಂಚು ಒಳಗಿಳಿಸಿ ನೋಡಿದೆ. ಒಳಗೆಲ್ಲ ಒಣ ಪುಡಿ! ಪೀಟ್ (ಜೌಗು ನೆಲದಲ್ಲಿ ಅರೆಕೊಳೆತ ಪಾಚಿ, ಸಸ್ಯಗಳ ಪುಡಿ) ಇರುವ ಕುಂಡದ ಮಣ್ಣಿನ ಮಿಶ್ರಣ ಪೂರ್ತಿ ಒಣಗಿದರೆ ನೀರನ್ನು ಹೀರುವುದೇ ಕಷ್ಟ. ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ನೀರು ಆ ಸಂದಿಯಲ್ಲಿ ಸುಮ್ನೆ ಇಳಿದು ಹೋಗುತ್ತದೆ.

ಕುಂಡವನ್ನು ಟಬ್ಬಿನಲ್ಲಿಟ್ಟು, ಕುಂಡದ ಅರ್ಧ ಎತ್ತರದವರೆಗೆ ನೀರು ತುಂಬಿಸಿದೆ. ಒಣಗಿದ ಕುಂಡ ಹಗುರ, ತೇಲುತ್ತದೆ. ಮೊದಲ ಐದು ನಿಮಿಷ ಕೈಯಿಂದ ಒತ್ತಿ ಹಿಡಿಯಬೇಕು. ಮೇಲಿನ ಮಣ್ಣು ತೇವವಾಗುವವರೆಗೆ ಬಿಟ್ಟೆ. 45 ನಿಮಿಷ ಹಿಡಿಯಿತು. ಎತ್ತಿ, ಅರ್ಧ ಗಂಟೆ ಬಸಿಯಲು ಇಟ್ಟೆ. ಆಮೇಲೆ ಉಳಿದ ಸಂದಿಗೆ ಹೊಸ ಮಿಶ್ರಣ ತುಂಬಿ ಒತ್ತಿದೆ. ಉದ್ದವಾಗಿ ಸೊರಗಿದ್ದ ಕಾಂಡಗಳನ್ನು ಮೂರನೇ ಒಂದು ಭಾಗ ಕತ್ತರಿಸಿದೆ.

ಈಗ ಬೆಳಿಗ್ಗೆ ಮೊದಲು ಒಂದು ಲೋಟ ನೀರು, 10 ನಿಮಿಷ ಬಿಟ್ಟು ಉಳಿದದ್ದು. ಕುಂಡ ಎತ್ತಿದರೆ ಭಾರ ಗೊತ್ತಾಗುತ್ತದೆ. ಹಗುರವಿದ್ದರೆ ಮತ್ತೆ ಟಬ್ಬಿಗೆ.