ಕಾರ್ಟ್ ಇಲ್ಲದ ಒಂದು ಪುಟದ ವೆಬ್‌ಸೈಟ್‌ನಲ್ಲಿ ಉಪ್ಪಿನಕಾಯಿ ಮಾರಿದ್ದು: ನನ್ನ ಅನುಭವ

ಹೋದ ಫೆಬ್ರವರಿಯಲ್ಲಿ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ) ಇನ್ನೂ ಮರದಲ್ಲೇ ಇತ್ತು. ನಮ್ಮ ಮನೆಯ ಉಪ್ಪಿನಕಾಯಿ ಆಗಲೇ 140 ಕಿಲೋ ಬುಕ್ ಆಗಿತ್ತು. ಅಷ್ಟೂ ವೆಬ್‌ಸೈಟ್ ನೋಡಿ ಬಂದದ್ದು. ಕಾರ್ಟ್ ಇಲ್ಲ, ಪುಟದಲ್ಲೇ ದುಡ್ಡು ಕಟ್ಟುವ ಪೇಮೆಂಟ್ ಗೇಟ್‌ವೇ ಇಲ್ಲ, ಇರುವುದು ಒಂದೇ ಪುಟ. "ಇದರಲ್ಲಿ ಯಾರು ಕೊಳ್ಳುತ್ತಾರೆ ಮಾರಾಯಾ?" ಎಂದು ಶಿರಸಿಯಲ್ಲಿ ಇದೇ ಕೆಲಸ ಮಾಡುವ ಗೆಳೆಯರೇ ಕೇಳಿದ್ದರು. ಪಕ್ಕದ ಮನೆಯ ಮಾವನಂತೂ, "ತಮಾ, ಉಪ್ಪಿನಕಾಯಿಗೆಲ್ಲ ವೆಬ್‌ಸೈಟಾ?" ಎಂದು ಎರಡು ವರ್ಷ ಕೇಳಿದರು. ಅದಕ್ಕೇ ಹೇಗೆ ಮಾಡಿದೆ ಎಂದು ಬರೆಯುತ್ತಿದ್ದೇನೆ.

ಮೊದಲ ವೆಬ್‌ಸೈಟ್ ಮಾಡಿಸಿದ್ದು 2019ರಲ್ಲಿ. ಒಂದು ಕಂಪನಿಗೆ 32 ಸಾವಿರ ಕೊಟ್ಟೆ. ಕಾರ್ಟ್, ಲಾಗಿನ್, ಓಡುವ ಬ್ಯಾನರ್ ಎಲ್ಲ ಇತ್ತು. ವರ್ಷಕ್ಕೆ ಬಂದ ಆರ್ಡರ್ ಹನ್ನೊಂದು, ಅದರಲ್ಲಿ ನಾಲ್ಕು ನೆಂಟರದ್ದು. ನಮ್ಮ ಜಗಲಿಯಲ್ಲಿ ಕೂತು ತೆರೆದರೆ ಪುಟ ಬರಲು ಅರ್ಧ ನಿಮಿಷ ಬೇಕಿತ್ತು. ಒಂದೊಂದು ಫೋಟೋ ನಾಲ್ಕು ಎಂಬಿ ಇತ್ತು. ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ಸೈಟಿನ ವಿಳಾಸವಾದ ಡೊಮೇನ್‌ನಲ್ಲಿ. ಅದನ್ನು ಅವರು ತಮ್ಮ ಹೆಸರಿನಲ್ಲೇ ತೆಗೆದುಕೊಂಡಿದ್ದರು. ಏಳು ನೂರರ ಆಸುಪಾಸಿನ ರಿನ್ಯೂವಲ್‌ಗೆ ಎಂಟು ಸಾವಿರ ಕೇಳಿದರು. ನಾನು ಕೊಡಲಿಲ್ಲ, ಹೆಸರು ಹೋಯಿತು. ಆ ಹೆಸರು ಹಾಕಿ ಅಚ್ಚು ಮಾಡಿಸಿದ್ದ ಎರಡು ಸಾವಿರ ಲೇಬಲ್ ಬಚ್ಚಲ ಒಲೆಗೆ ಹೋದವು. ಈಗ ಯಾರೇ ಕೇಳಲಿ, ಮೊದಲು ಹೇಳುವುದು ಇದನ್ನೇ: ಡಿಸೈನ್ ಯಾರಾದರೂ ಮಾಡಲಿ, ಡೊಮೇನ್ ಮಾತ್ರ ನಿಮ್ಮ ಇಮೇಲ್‌ನಿಂದ ನೀವೇ ಕೊಳ್ಳಿ.

ಆಮೇಲೆ ಎರಡು ವರ್ಷ ವೆಬ್‌ಸೈಟ್ ಗೋಜಿಗೆ ಹೋಗಲಿಲ್ಲ. ಉಪ್ಪಿನಕಾಯಿ, ಹಪ್ಪಳ ಎರಡನ್ನೂ ಫೋನ್‌ನಲ್ಲೇ ಮಾರಿದೆ. ಆಗ ಒಂದು ಕೆಲಸ ಮಾಡಿದೆ. ಫೋನ್ ಪಕ್ಕ ಇನ್ನೂರು ಪುಟದ ನೋಟ್‌ಬುಕ್ ಇಟ್ಟು, ಮೂರು ತಿಂಗಳು ಗಿರಾಕಿಗಳು ಕೇಳಿದ ಪ್ರತಿ ಪ್ರಶ್ನೆಯನ್ನೂ ಅವರದೇ ಮಾತಿನಲ್ಲಿ ಬರೆದೆ. ಎಣ್ಣೆ ಹಾಕಿದ್ದೀರಾ? ಬೆಳ್ಳುಳ್ಳಿ ಇದೆಯಾ? ಜೀರಿಗೆ ಪರಿಮಳದ ಮಿಡಿಯಾ? ಮುಂದಿನ ವರ್ಷದವರೆಗೆ ಇರುತ್ತದಾ? ಹಪ್ಪಳಕ್ಕೆ ಸೋಡಾ ಹಾಕುತ್ತೀರಾ? ಸುಮಾರು ನಾನೂರು ಕರೆ ಬಂದಿರಬಹುದು. ಅದರಲ್ಲಿ ಅರ್ಧದಷ್ಟು ಜನ ಕೇಳಿದ್ದು ಒಂದೇ: "ಕೊರಿಯರ್ ಸೇರಿ ಎಷ್ಟಾಗುತ್ತೆ?" ಹಳೇ ಸೈಟಿನಲ್ಲಿ ಈ ಉತ್ತರ ಸಿಗಬೇಕಾದರೆ ಲಾಗಿನ್ ಆಗಿ, ವಿಳಾಸ ತುಂಬಿ, ಕೊನೆಯ ಪುಟದವರೆಗೆ ಹೋಗಬೇಕಿತ್ತು. ಜನ ಯಾಕೆ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು ಎಂದು ಆಗ ಗೊತ್ತಾಯಿತು.

ಹೊಸ ಪುಟವನ್ನು ಈ ನೋಟ್‌ಬುಕ್ ಇಟ್ಟುಕೊಂಡೇ ಬರೆದೆ. ಎಲ್ಲಕ್ಕಿಂತ ಮೇಲೆ ದರ: ಬೆಂಗಳೂರಿಗೆ, ಮಂಗಳೂರಿಗೆ, ಪುಣೆ–ಮುಂಬೈಗೆ, ಮನೆ ಬಾಗಿಲಿಗೆ ತಲುಪುವಾಗ ಎಷ್ಟು ಎಂದು. ಕೆಳಗೆ ಪ್ರಶ್ನೆ, ಉತ್ತರ. ಕೊನೆಗೆ ವಾಟ್ಸಾಪ್ ಬಟನ್. ಒತ್ತಿದರೆ "ಅರ್ಧ ಕಿಲೋ ಮಿಡಿ ಬೇಕು, ನನ್ನ ಪಿನ್‌ಕೋಡ್" ಎಂಬ ಸಾಲು ಮೊದಲೇ ಟೈಪ್ ಆಗಿ ಬರುತ್ತದೆ. ದುಡ್ಡು ಯುಪಿಐನಲ್ಲಿ. ಡೊಮೇನ್, ಹೋಸ್ಟಿಂಗ್ ಸೇರಿ ಖರ್ಚು ವರ್ಷಕ್ಕೆ ಮೂರು ಸಾವಿರದ ಸುತ್ತ. ಫೋಟೋಗಳನ್ನು ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಮಾಡಿ ಅರವತ್ತು ಕೆಬಿಗೆ ಇಳಿಸಿದೆ. ಇಡೀ ಪುಟ ನಾನೂರು ಕೆಬಿ ದಾಟುವುದಿಲ್ಲ. ತೋಟದ ಬದಿ ಒಂದೇ ಕಡ್ಡಿ ನೆಟ್‌ವರ್ಕ್ ಇದ್ದರೂ ತೆರೆಯುತ್ತದೆ.

ಒಂದು ಎಡವಟ್ಟು ಇಲ್ಲೂ ಆಯಿತು. ಕರಪತ್ರಕ್ಕೆಂದು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನೇ ತಂದು ಪುಟಕ್ಕೆ ಅಂಟಿಸಿದೆ. ನನ್ನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇತ್ತು, ಚೆನ್ನಾಗೇ ಕಾಣಿಸಿತು. ಬೇರೆಯವರ ಫೋನ್‌ನಲ್ಲಿ ಮಾತ್ರ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಹದಿನೈದು ದಿನ ನನಗೆ ತಿಳಿಯಲೇ ಇಲ್ಲ. ಪುಣೆಯಲ್ಲಿರುವ ಅತ್ತಿಗೆ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಎಲ್ಲವನ್ನೂ ಯಾವ ಫೋನ್‌ನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿದೆ. ಯುನಿಕೋಡ್ ಆದ ಮೇಲೇ ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದವರಿಗೂ ಪುಟ ಸಿಗತೊಡಗಿತು.

ಹುಡುಕುವವರ ವಿಷಯ ಬಂತು, ಅದನ್ನೂ ಹೇಳುತ್ತೇನೆ. ಜನ ಏನು ಹುಡುಕಿ ಪುಟಕ್ಕೆ ಬಂದರು ಎಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು ನೋಡಿದರೆ ಅಪ್ಪೆಮಿಡಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಆರೇಳು ಥರ ಬರೆದಿದ್ದರು. ಒಬ್ಬರದ್ದು ಒಂದೇ ಪಿ, ಇನ್ನೊಬ್ಬರದ್ದು ಎರಡು. ಕೆಲವರು ಮಿಡಿ ಬಿಟ್ಟು ಬರೀ ಮಾವಿನಕಾಯಿ ಎಂದಿದ್ದರು. ಅವುಗಳಲ್ಲಿ ಎರಡನ್ನು ಸೇರಿಸಿ ಪುಟದ ಶೀರ್ಷಿಕೆ ಬದಲಿಸಿದೆ. ನೋಡುವವರು ಎರಡು ಪಟ್ಟು ಜಾಸ್ತಿಯಾದರು. ಆ ಎರಡು ಯಾವುವು ಎಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ನಿಮ್ಮ ಮಾಲಿನದ್ದು ನಿಮ್ಮ ಕನ್ಸೋಲ್‌ನಲ್ಲೇ ಸಿಗುತ್ತದೆ.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. ಮಾರಿಕಾಂಬಾ ಜಾತ್ರೆಗೆ ಕ್ಯೂಆರ್ ಕೋಡ್ ಇರುವ ಫ್ಲೆಕ್ಸ್ ಕಟ್ಟಿದೆ, ಎರಡೂವರೆ ಸಾವಿರ ಹೋಯಿತು. ಆ ಜನಜಂಗುಳಿಯಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಸ್ಕ್ಯಾನ್ ಮಾಡಿದವರೆಲ್ಲ ಫೋನ್ ಮೇಲೆತ್ತಿ ಹಿಡಿದು ಕಾದು, ಸುಮ್ನೆ ಹೊರಟುಹೋದರು. ಮೂರನೇ ದಿನ ಅದೇ ಕೋಡನ್ನು ಸಣ್ಣ ಚೀಟಿಯಲ್ಲಿ ಅಚ್ಚು ಹಾಕಿಸಿ, ಎರಡೆರಡು ಹಲಸಿನ ಹಪ್ಪಳದ ಜೊತೆ ಕೈಗೆ ಕೊಟ್ಟೆ. ಮನೆಗೆ ಹೋಗಿ ಹಪ್ಪಳ ಕರಿದು ತಿಂದವರು ಆಮೇಲೆ ಸ್ಕ್ಯಾನ್ ಮಾಡಿದರು. ಮೂವತ್ತು ಆರ್ಡರ್ ಹಾಗೆ ಬಂದವು. ಅಮ್ಮ ಹಪ್ಪಳ ಲಟ್ಟಿಸುವ ವಿಡಿಯೊವನ್ನೂ ಪುಟಕ್ಕೆ ಹಾಕಿ ನೋಡಿದೆ. ಎಲ್ಲರಿಗೂ ಇಷ್ಟವಾಯಿತು, ಆದರೆ ಪುಟ ಮತ್ತೆ ನಿಧಾನವಾಯಿತು. ತೆಗೆದುಹಾಕಿದೆ. ಈಗ ಕೇಳಿದವರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ.

ಕ್ಯಾಶ್ ಆನ್ ಡೆಲಿವರಿ ಮೂರೇ ತಿಂಗಳು ಇಟ್ಟಿದ್ದು. ಅರವತ್ತು ಪಾರ್ಸೆಲ್‌ನಲ್ಲಿ ಹದಿನಾಲ್ಕು ವಾಪಸ್ ಬಂದವು. ಹೋಗಿದ್ದಕ್ಕೂ ಬಂದಿದ್ದಕ್ಕೂ ನಾನೇ ಕೊಡಬೇಕಾಯಿತು. ಮಳೆಗಾಲ ಬೇರೆ, ಹಿಂದೆ ಬಂದ ಹಪ್ಪಳ ಮೆತ್ತಗಾಗಿ ಹಾಳಾಯಿತು. ನಾಲ್ಕು ಸಾವಿರ ಅಲ್ಲೇ ಹೋಯಿತು. ಮುಂಗಡ ಕೊಟ್ಟವರಿಗೆ ಮಾತ್ರ ಎಂದ ಮೇಲೆ ಒಂದಷ್ಟು ಗಿರಾಕಿ ಬಿಟ್ಟರು, ಲಾಭ ಮಾತ್ರ ಉಳಿಯಿತು.

ಕಾಗದಪತ್ರದ ವಿಷಯದಲ್ಲಿ ನಮ್ಮಲ್ಲಿ ಎಷ್ಟೋ ಜನ ಎಡವುವುದು ಜಿಎಸ್‌ಟಿಯಲ್ಲಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಸುಲಭ, ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ. ಕರ್ನಾಟಕದ ಒಳಗೆ ಮಾತ್ರ ನೇರವಾಗಿ ಮಾರಿದರೆ ಸರಕಿಗೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಒಂದು ಡಬ್ಬಿ ಉಪ್ಪಿನಕಾಯಿ ಪುಣೆಗೆ ಮಾರಿದರೂ ಬೇಕು. ವೆಬ್‌ಸೈಟ್ ಮಾಡಿದ ಮೇಲೆ ಹೊರರಾಜ್ಯದ ಆರ್ಡರ್ ಬಂದೇ ಬರುತ್ತದೆ, ಅಲ್ವಾ? ನನಗೆ ಇದು ತಿಳಿದಾಗ ಕೈಯಲ್ಲಿ ಇಪ್ಪತ್ತು ಆರ್ಡರ್ ಇತ್ತು. ನಂಬರ್ ಸಿಗುವವರೆಗೆ ಎಲ್ಲವನ್ನೂ ತಡೆದಿಟ್ಟೆ. ಐದು ಜನ ದುಡ್ಡು ವಾಪಸ್ ಕೇಳಿದರು, ಕೊಟ್ಟೆ.

ಗಾಜಿನ ಬಾಟಲಿ ಒಡೆದದ್ದು, ಪ್ಲಾಸ್ಟಿಕ್ ಡಬ್ಬಿಯಿಂದ ರಸ ಸೋರಿದ್ದು ನಿಮಗೆಲ್ಲ ಗೊತ್ತಿದ್ದದ್ದೇ. ಸೋರದ ಹಾಗೆ ಮುಚ್ಚಳದೊಳಗೆ ಏನು ಇಡುತ್ತೇನೆ ಎನ್ನುವುದು ಸದ್ಯ ನಮ್ಮ ಮನೆಯಲ್ಲೇ ಇರಲಿ. ತೂಕದ ಲೆಕ್ಕ ಮಾತ್ರ ಹೇಳುತ್ತೇನೆ. ಸ್ಪೀಡ್ ಪೋಸ್ಟ್ ದರ ಅರ್ಧ ಕಿಲೋ ದಾಟಿದ ಕೂಡಲೇ ಮುಂದಿನ ಹಂತಕ್ಕೆ, ಅಂದರೆ ಒಂದು ಕಿಲೋದ ದರಕ್ಕೆ ಏರುತ್ತದೆ. ಅರ್ಧ ಕಿಲೋ ಉಪ್ಪಿನಕಾಯಿಗೆ ಡಬ್ಬಿ, ರಟ್ಟು ಸೇರಿದರೆ 650 ಗ್ರಾಂ. ಮೂರು ವರ್ಷ ಹಾಗೇ ಕಳಿಸಿ, ಇಲ್ಲದ 350 ಗ್ರಾಂಗೂ ದುಡ್ಡು ಕಟ್ಟಿದ್ದೇನೆ. ಈ ಸಲ 350 ಗ್ರಾಂ ಹಿಡಿಯುವ ಡಬ್ಬಿ ತರಿಸಿದೆ. ಪ್ಯಾಕ್ ಮಾಡಿ ತಕ್ಕಡಿಗೆ ಇಟ್ಟರೆ 485. ಮೊನ್ನೆ ಹೊಸ ದರ ಪುಟಕ್ಕೆ ಹಾಕಿದ್ದೇನೆ. "ಕೊರಿಯರ್ ಸೇರಿ ಎಷ್ಟು" ಎಂಬ ಸಾಲಿನ ಮುಂದೆ ಮೊದಲ ಸಲ ಮುನ್ನೂರಕ್ಕಿಂತ ಕಡಿಮೆ ಸಂಖ್ಯೆ ಬಂದಿದೆ.