ಎಲ್ ಫ್ಯಾನಿಂಗ್ ಅವರ ಚಿತ್ರಗಳನ್ನು ಯಾವ ಕ್ರಮದಲ್ಲಿ ನೋಡಬೇಕು, ನೋಡುವಾಗ ಏನನ್ನು ಗಮನಿಸಬೇಕು

ಅಮೆರಿಕದ ನಟಿ ಎಲ್ ಫ್ಯಾನಿಂಗ್ ಅವರನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕಂಡದ್ದು ಬಹುಶಃ 2014ರ ‘ಮಲೆಫಿಸೆಂಟ್’ನಲ್ಲಿ, ಆಂಜೆಲಿನಾ ಜೋಲಿ ಅವರ ಕೊಂಬುಗಳ ನೆರಳಿನಲ್ಲಿ ನಗುತ್ತ ಓಡಾಡುವ ರಾಜಕುಮಾರಿ ಅರೋರಾಳಾಗಿ. ಜಗತ್ತಿನಾದ್ಯಂತ 75 ಕೋಟಿ ಡಾಲರಿಗೂ ಹೆಚ್ಚು ಗಳಿಸಿದ ಆ ಚಿತ್ರ ಅವರನ್ನು ಮನೆಮಾತಾಗಿಸಿತು, ನಿಜ. ಆದರೆ ಅವರ ನಟನೆಯನ್ನು ಅರಿಯಬೇಕೆಂದು ಹೊರಟವರು ಅಲ್ಲಿಂದ ಆರಂಭಿಸಬಾರದು, ಏಕೆಂದರೆ ಆ ಪಾತ್ರಕ್ಕೆ ಮುಗ್ಧತೆಯ ಹೊರತು ಬೇರೆ ಕೆಲಸವೇ ಇಲ್ಲ. ಬಿಡುಗಡೆಯಾದ ವರ್ಷಗಳ ಕ್ರಮದಲ್ಲಿ ನೋಡುವುದೂ ಅಷ್ಟು ಉಪಯುಕ್ತವಲ್ಲ. ಮೂರು ವರ್ಷ ತುಂಬುವ ಸುಮಾರಿಗೆ ಕ್ಯಾಮೆರಾ ಮುಂದೆ ನಿಂತ ನಟಿಯ ಮೊದಲ ಹತ್ತು ಚಿತ್ರಗಳಲ್ಲಿ ಸಿಗುವುದು ಬರೀ ತುಣುಕುಗಳು.

ಈ ನಟಿಯ ವಿಷಯದಲ್ಲಿ ಗಮನಿಸಬೇಕಾದದ್ದು ಮುಖ್ಯವಾಗಿ ಒಂದೇ: ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಿರುವ ವ್ಯಕ್ತಿ ಹೇಗೆ ನಡೆದುಕೊಳ್ಳುತ್ತಾಳೆ ಎಂಬುದನ್ನು ಅವರು ತೋರಿಸುವ ಬಗೆ. ಅವರ ಒಳ್ಳೆಯ ಪಾತ್ರಗಳಲ್ಲಿ ಹಲವು ಕಥೆಯೊಳಗೂ ನಟಿಸುತ್ತಿರುತ್ತವೆ. ಶಾಲೆಯ ನಾಟಕದಲ್ಲೋ, ಕನ್ನಡಿಯ ಮುಂದೆಯೋ, ಅರಮನೆಯ ಊಟದ ಮೇಜಿನಲ್ಲೋ. ನಟನೆಯೊಳಗಿನ ಈ ನಟನೆಯನ್ನು ಹಿಂಬಾಲಿಸಿದರೆ ಇಪ್ಪತ್ತೈದು ವರ್ಷಗಳ ವೃತ್ತಿಜೀವನಕ್ಕೆ ತಾನಾಗಿ ಒಂದು ಕ್ರಮ ಸಿಗುತ್ತದೆ.

ಚಿತ್ರಗಳಿಗೆ ಕೈಹಾಕುವ ಮೊದಲು ಹಿನ್ನೆಲೆಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಎಲ್ ಹುಟ್ಟಿದ್ದು 1998ರ ಏಪ್ರಿಲ್ 9ರಂದು, ಜಾರ್ಜಿಯಾ ರಾಜ್ಯದ ಕಾನ್ಯರ್ಸ್‌ನಲ್ಲಿ. ಮನೆಯಲ್ಲಿ ಸಿನಿಮಾದವರಿರಲಿಲ್ಲ, ಆಟಗಾರರಿದ್ದರು: ತಾಯಿ ಟೆನಿಸ್ ಆಡಿದವರು, ತಂದೆ ಬೇಸ್‌ಬಾಲ್ ಆಡಿದವರು, ತಾಯಿಯ ತಂದೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಸಿನಿಮಾದ ದಾರಿ ತೆರೆದದ್ದು ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಡಕೋಟಾ. 2001ರ ‘ಐ ಆ್ಯಮ್ ಸ್ಯಾಮ್’ ಚಿತ್ರದಲ್ಲಿ ಡಕೋಟಾ ನಿರ್ವಹಿಸಿದ ಪಾತ್ರದ ಇನ್ನೂ ಚಿಕ್ಕ ವಯಸ್ಸಿನ ರೂಪವಾಗಿ ಎಲ್ ಕಾಣಿಸಿಕೊಂಡರು. ಮರುವರ್ಷ ‘ಟೇಕನ್’ ಎಂಬ ಕಿರುಸರಣಿಯಲ್ಲೂ ಅದೇ ಆಯಿತು. 2003ರ ‘ಡ್ಯಾಡಿ ಡೇ ಕೇರ್’ನಿಂದ ಅಕ್ಕನ ನೆರಳಿಲ್ಲದ ಪಾತ್ರಗಳು ಬರತೊಡಗಿದವು.

ಆರಂಭದ ಪಾತ್ರಗಳು ಇಷ್ಟು ಚಿಕ್ಕವೇಕೆ ಎಂದು ಕೇಳುವವರು ಕ್ಯಾಲಿಫೋರ್ನಿಯಾದ ಕಾನೂನನ್ನೂ ಗಮನಕ್ಕೆ ತಂದುಕೊಳ್ಳಬೇಕು. ಅಲ್ಲಿ ಎರಡರಿಂದ ಆರು ವರ್ಷದೊಳಗಿನ ಮಗು ಚಿತ್ರೀಕರಣದ ಸ್ಥಳದಲ್ಲಿ ದಿನಕ್ಕೆ 6 ಗಂಟೆ ಇರಬಹುದಾದರೂ ಕೆಲಸ ಮಾಡಬಹುದಾದದ್ದು 3 ಗಂಟೆ ಮಾತ್ರ. ಆರರಿಂದ ಒಂಬತ್ತರೊಳಗಿನ ಮಗುವಿಗೆ ಶಾಲಾದಿನಗಳಲ್ಲಿ 4 ಗಂಟೆ ಕೆಲಸ, ಜೊತೆಗೆ 3 ಗಂಟೆ ಕಡ್ಡಾಯ ಪಾಠ. ದುಡಿದ ಹಣದ ಶೇ. 15ರಷ್ಟನ್ನು ಮಗುವಿನ ಹೆಸರಿನಲ್ಲಿ ಪ್ರತ್ಯೇಕವಾಗಿ ಇಡಬೇಕೆನ್ನುವ ಕೂಗನ್ ಕಾನೂನಿನ ಮೂಲ 1939ರದ್ದು. ಮೂಕಿಚಿತ್ರಗಳ ಕಾಲದ ಬಾಲನಟ ಜಾಕಿ ಕೂಗನ್ ದೊಡ್ಡವನಾಗುವಷ್ಟರಲ್ಲಿ ಅವನ ಗಳಿಕೆಯನ್ನು ತಾಯಿ ಮತ್ತು ಮಲತಂದೆ ಬಹುಪಾಲು ಕರಗಿಸಿಬಿಟ್ಟಿದ್ದುದೇ ಆ ಕಾನೂನಿಗೆ ಕಾರಣ. ಮಗುವಿನ ಮುಖವನ್ನು ಇಷ್ಟು ಕಡಿಮೆ ಹೊತ್ತು ಮಾತ್ರ ಬಳಸಬಹುದಾದಾಗ ನಿರ್ದೇಶಕರು ಆ ಮುಖದಿಂದ ದೀರ್ಘ ದೃಶ್ಯಗಳನ್ನು ಕೇಳುವುದು ಕಷ್ಟ.

ಆದ್ದರಿಂದ ‘ಬೇಬೆಲ್’ (2006), ‘ದ ಕ್ಯೂರಿಯಸ್ ಕೇಸ್ ಆಫ್ ಬೆಂಜಮಿನ್ ಬಟನ್’ (2008) ಮುಂತಾದವನ್ನು ಈ ಪಟ್ಟಿಗಾಗಿ ನೋಡಬೇಕಾಗಿಲ್ಲ. ಅವುಗಳ ಪಾಡಿಗೆ ಅವುಗಳನ್ನು ನೋಡುವವರು ನೋಡಲಿ. ಬಾಲ್ಯದ ಚಿತ್ರಗಳಲ್ಲಿ ತಪ್ಪಿಸಬಾರದ್ದು 2008ರ ‘ಫೀಬಿ ಇನ್ ವಂಡರ್‌ಲ್ಯಾಂಡ್’. ಟುರೆಟ್ ಸಿಂಡ್ರೋಮ್ (ತಡೆಯಲಾಗದ ಚಲನೆ, ಸದ್ದುಗಳು ತಾವಾಗಿ ಹೊಮ್ಮುವ ನರಸಂಬಂಧಿ ತೊಂದರೆ) ಇರುವ ಹುಡುಗಿಯೊಬ್ಬಳು ಶಾಲೆಯ ನಾಟಕದಲ್ಲಿ ಪಾತ್ರ ಸಿಕ್ಕಾಗ ಮಾತ್ರ ನಿರಾಳವಾಗುವ ಕಥೆ ಅದು. ಚಿತ್ರ ಅಲ್ಲಲ್ಲಿ ಪಾಠ ಹೇಳಲು ಹೊರಡುತ್ತದೆ, ಹುಡುಗಿ ಹೇಳುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ‘ಮೈ ನೇಬರ್ ಟೊಟೊರೊ’ ಎಂಬ ಜಪಾನಿ ಆನಿಮೇಷನ್ ಚಿತ್ರಕ್ಕೆ ಡಿಸ್ನಿ ಮಾಡಿಸಿದ ಇಂಗ್ಲಿಷ್ ಡಬ್ಬಿಂಗನ್ನೂ ಕೇಳಿಸಬಹುದು. ಅದರಲ್ಲಿನ ಅಕ್ಕತಂಗಿಯರಿಗೆ ದನಿ ಕೊಟ್ಟವರು ಈ ಅಕ್ಕತಂಗಿಯರೇ.

ನಿಜವಾದ ಆರಂಭ 2010ರ ‘ಸಮ್‌ವೇರ್’ನಿಂದ ಆಗಬೇಕು. ಸೋಫಿಯಾ ಕೊಪ್ಪೊಲಾ ನಿರ್ದೇಶಿಸಿದ, ವೆನಿಸ್‌ನಲ್ಲಿ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಪಡೆದ ಈ ಚಿತ್ರದಲ್ಲಿ ಘಟನೆಗಳು ಬಹಳ ಕಡಿಮೆ: ಲಾಸ್ ಏಂಜಲೀಸ್‌ನ ಶಾಟೊ ಮಾರ್ಮಂಟ್ ಹೋಟೆಲಿನಲ್ಲಿ ಗುರಿಯಿಲ್ಲದೆ ಬದುಕುತ್ತಿರುವ ತಾರಾನಟನೊಬ್ಬನ ಬಳಿಗೆ ಅವನ ಹನ್ನೊಂದು ವರ್ಷದ ಮಗಳು ಕ್ಲಿಯೊ ಬಂದು ಕೆಲವು ದಿನ ಇರುತ್ತಾಳೆ. ಫೋನನ್ನು ಕೈಯಳತೆಯಿಂದ ದೂರವಿಟ್ಟು, ಸಾಧ್ಯವಾದರೆ ಒಂದೇ ಕೂರಿಕೆಯಲ್ಲಿ ನೋಡಬೇಕಾದ ಚಿತ್ರವಿದು, ಏಕೆಂದರೆ ಇದರ ಅರ್ಥವೆಲ್ಲ ಶಾಟ್‌ಗಳ ಉದ್ದದಲ್ಲಿದೆ. ಕ್ಲಿಯೊ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವ ದೃಶ್ಯ ಬಂದಾಗ ಮೊದಲು ಅಪ್ಪನನ್ನು ನೋಡಿ. ಅವನು ಒಮ್ಮೆ ಫೋನಿಗೆ ಕಣ್ಣು ಹಾಯಿಸಿ, ಅನಂತರ ಮಗಳತ್ತ ಹೊರಳಿ, ಅಲ್ಲಿಯೇ ನಿಂತುಬಿಡುತ್ತಾನೆ. ಆಮೇಲೆ ಅದೇ ದೃಶ್ಯಕ್ಕೆ ಮರಳಿ ಹುಡುಗಿಯನ್ನು ಮಾತ್ರ ನೋಡಿ: ಪ್ರೇಕ್ಷಕನಿದ್ದಾನೆಂದು ತಿಳಿದಿದ್ದರೂ ಪ್ರೇಕ್ಷಕನಿಗಾಗಿ ಏನನ್ನೂ ಹೆಚ್ಚಿಸದೆ, ಕಲಿತದ್ದನ್ನು ಶ್ರದ್ಧೆಯಿಂದ ಒಪ್ಪಿಸುವ ಮಗುವಿನ ಗಾಂಭೀರ್ಯ ಅಲ್ಲಿದೆ. ಇದನ್ನು ನಟಿಸುವುದು ಅಳುವುದಕ್ಕಿಂತ ಕಷ್ಟ. ಮುಂದೆ ಕಾರಿನಲ್ಲಿ ಅವಳು ಅಳುವ ದೃಶ್ಯವೂ ಇದೆ, ಚೆನ್ನಾಗಿಯೇ ಇದೆ, ಆದರೂ ನನ್ನ ಮತ ಸ್ಕೇಟಿಂಗ್‌ಗೆ.

ಅದರ ಬೆನ್ನಿಗೇ 2011ರ ‘ಸೂಪರ್ 8’ ಬರಲಿ. ಜೆ.ಜೆ. ಏಬ್ರಾಮ್ಸ್ ಅವರ ಈ ಚಿತ್ರ 1979ರ ಓಹಾಯೊದ ಪುಟ್ಟ ಊರೊಂದರಲ್ಲಿ ನಡೆಯುತ್ತದೆ. ಸೂಪರ್ 8 ಎಂಬ ಮನೆಬಳಕೆಯ ಫಿಲ್ಮ್ ಕ್ಯಾಮೆರಾದಲ್ಲಿ ಜೋಂಬಿಗಳ (ಎದ್ದು ನಡೆಯುವ ಹೆಣಗಳ) ಸಿನಿಮಾ ತೆಗೆಯಲು ಹೊರಟ ಹುಡುಗರ ಗುಂಪಿಗೆ ಆಲಿಸ್ ಎಂಬ ಹುಡುಗಿ ನಾಯಕಿಯಾಗಿ ಸೇರುತ್ತಾಳೆ. ರಾತ್ರಿಯ ರೈಲು ನಿಲ್ದಾಣದಲ್ಲಿ ಅವಳು ಮಾತುಗಳನ್ನು ಅಭ್ಯಾಸ ಮಾಡುವ ದೃಶ್ಯವನ್ನು ಎರಡು ಸಲ ನೋಡಲೇಬೇಕು. ಹುಡುಗನೊಬ್ಬ ಬರೆದ, ಎಲ್ಲಿಂದಲೋ ಕದ್ದಂತೆ ಕೇಳುವ ಸಂಭಾಷಣೆಯದು. ಪತ್ತೇದಾರ ಗಂಡನನ್ನು ಹೆಂಡತಿ ಹೋಗಬೇಡವೆಂದು ಬೇಡಿಕೊಳ್ಳುವ ಸನ್ನಿವೇಶ. ಆಲಿಸ್ ಬಾಯಿ ತೆರೆದ ಕ್ಷಣದಿಂದ ಆ ಸವಕಲು ಮಾತು ನಿಜವಾಗಿಬಿಡುತ್ತದೆ, ಅಷ್ಟು ಹೊತ್ತು ಗದ್ದಲ ಮಾಡುತ್ತಿದ್ದ ಹುಡುಗರು ಬೆಪ್ಪಾಗುತ್ತಾರೆ. ಮೊದಲ ಸಲ ಹುಡುಗರ ಮುಖಗಳನ್ನು ನೋಡಿ, ಎರಡನೆಯ ಸಲ ಅವಳು ಪಾತ್ರದಿಂದ ಹೊರಬರುವ ಕ್ಷಣವನ್ನು ನೋಡಿ. ತಾನು ಮಾಡಿದ್ದು ಸರಿಯಾಯಿತೇ ಎಂಬ ಅನುಮಾನ ಅವಳ ಮುಖದಲ್ಲಿ ಹಾದುಹೋಗುತ್ತದೆ. ಈ ದೃಶ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಮೇಲಿನ ರೈಲು ಅಪಘಾತ ಮತ್ತು ಅನ್ಯಗ್ರಹದ ಪ್ರಾಣಿ ನಮ್ಮ ಉದ್ದೇಶಕ್ಕೆ ಅಷ್ಟೇನೂ ಬೇಕಾಗಿಲ್ಲ.

2012ರ ‘ಜಿಂಜರ್ ಅಂಡ್ ರೋಸಾ’ ಮೂರನೆಯದಾಗಲಿ. ಬ್ರಿಟನ್ನಿನ ಸ್ಯಾಲಿ ಪಾಟರ್ ನಿರ್ದೇಶಿಸಿದ ಚಿತ್ರವಿದು. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನ 1962ರ ಲಂಡನ್ನಿನಲ್ಲಿ, ಅಣುಬಾಂಬಿನ ಭಯದಲ್ಲಿ ಬೆಳೆಯುತ್ತಿರುವ ಹುಡುಗಿಯ ಪಾತ್ರವನ್ನು ಎಲ್ ತಮಗೆ ಹದಿಮೂರು ವರ್ಷವಿದ್ದಾಗ, ತಮಗಿಂತ ಮೂರ್ನಾಲ್ಕು ವರ್ಷ ದೊಡ್ಡವಳಾಗಿ, ಇಂಗ್ಲಿಷರ ಉಚ್ಚಾರಣೆಯಲ್ಲಿ ನಿರ್ವಹಿಸಿದರು. ಜಗತ್ತು ನಾಶವಾಗುತ್ತದೆಂಬ ಅವಳ ಅಳಲಿನ ಕೆಳಗೆ ಮನೆಯೊಳಗಿನ ಇನ್ನೊಂದು ನಾಶ ಅಡಗಿದೆ. ಕೊನೆಯ ಭಾಗದಲ್ಲಿ ಎಲ್ಲರೂ ಕೂಡಿ ಅವಳನ್ನು ಪ್ರಶ್ನಿಸುವಾಗ ಹೇಳಬಾರದ ಮಾತನ್ನು ಅವಳು ಎಷ್ಟು ಹೊತ್ತು ತಡೆದಿಡುತ್ತಾಳೆ ಎಂಬುದರ ಮೇಲೆ ಗಮನವಿರಲಿ.

ಇಲ್ಲಿಂದ ನೇರವಾಗಿ 2016ಕ್ಕೆ ಹಾರಬಹುದು. ಆ ವರ್ಷದ ಎರಡು ಚಿತ್ರಗಳನ್ನು ಜೋಡಿಯಾಗಿ ನೋಡುವುದು ಅತ್ಯಂತ ಫಲಕಾರಿ. ನಿಕೊಲಾಸ್ ವಿಂಡಿಂಗ್ ರೆಫ್ನ್ ಅವರ ‘ದ ನಿಯಾನ್ ಡೀಮನ್’ನಲ್ಲಿ ಅವರು ಲಾಸ್ ಏಂಜಲೀಸ್‌ಗೆ ಮಾಡೆಲ್ ಆಗಲು ಬಂದ, ವಯಸ್ಸನ್ನು ಹತ್ತೊಂಬತ್ತು ಎಂದು ಸುಳ್ಳು ಹೇಳಬೇಕಾದ ಹದಿನಾರರ ಹುಡುಗಿ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರನ್ನು ಇಬ್ಭಾಗ ಮಾಡಿದ ಈ ಚಿತ್ರ ರಕ್ತ ಮತ್ತು ವಿಕೃತಿಯಿಂದ ಕೂಡಿದೆ. ಮಕ್ಕಳ ಮುಂದೆ ಹಾಕಬೇಡಿ, ಹಿಂಸೆಯನ್ನು ನೋಡಲಾಗದವರು ಕೈಬಿಟ್ಟರೂ ದೊಡ್ಡ ನಷ್ಟವಿಲ್ಲ. ಚಿತ್ರಕ್ಕೆ ತನ್ನ ಹೊಳಪಿನ ಮೇಲೆಯೇ ಮೋಹ ಹೆಚ್ಚು. ಆದರೆ ತಾನು ಸುಂದರಿ ಎಂಬುದು ತನಗೇ ತಿಳಿದುಹೋದಾಗ ಹುಡುಗಿಯ ನಡಿಗೆ ಮತ್ತು ಕಣ್ಣು ಹೇಗೆ ಬದಲಾಗುತ್ತವೆ ಎಂಬುದನ್ನು ಫ್ಯಾಷನ್ ಪ್ರದರ್ಶನದ ಭಾಗದಲ್ಲಿ ನೋಡಬಹುದು. ಮೈಕ್ ಮಿಲ್ಸ್ ಅವರ ‘ಟ್ವೆಂಟಿಯತ್ ಸೆಂಚುರಿ ವಿಮೆನ್’ ಇದಕ್ಕೆ ಸರಿಯಾದ ಎದುರು ದಿಕ್ಕು. 1979ರ ಸಾಂಟಾ ಬಾರ್ಬರಾದಲ್ಲಿ ಜೂಲಿ ಎಂಬ ಹುಡುಗಿ ರಾತ್ರಿ ಗೆಳೆಯನ ಕೋಣೆಗೆ ಕದ್ದು ಬಂದು ಬರೀ ಮಲಗಿ ಹೋಗುತ್ತಾಳೆ. ಅವನಿಗೆ ಅವಳ ಮೇಲೆ ಪ್ರೀತಿ, ಅವಳಿಗೆ ಬೇಕಾದದ್ದು ಸ್ನೇಹ. ಎಲ್ಲವನ್ನೂ ಬಲ್ಲವಳಂತೆ ಮಾತನಾಡುವ ಜೂಲಿಯ ಧೈರ್ಯ ಎಷ್ಟು ಪಾಲು ಅಭಿನಯ ಎಂಬುದನ್ನು ಎಲ್ ಎಲ್ಲಿಯೂ ಒತ್ತಿ ಹೇಳುವುದಿಲ್ಲ. ಆನೆಟ್ ಬೆನಿಂಗ್ ಅವರಂಥ ನಟಿಯ ಎದುರು ಕುಳಿತು, ಹೆಚ್ಚು ಮಾತಿಲ್ಲದೆ ಕೇಳಿಸಿಕೊಳ್ಳುವ ದೃಶ್ಯಗಳಲ್ಲಿಯೂ ಅವರು ಮಂಕಾಗುವುದಿಲ್ಲ.

‘ದ ಬಿಗೈಲ್ಡ್’ (2017), ‘ಮೇರಿ ಶೆಲ್ಲಿ’, ಅವರೇ ಹಾಡಿರುವ ‘ಟೀನ್ ಸ್ಪಿರಿಟ್’ (2018) ಇವುಗಳನ್ನು ಸಮಯವಿದ್ದವರು ಸೇರಿಸಿಕೊಳ್ಳಲಿ. 2019ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಕಾನ್ ಚಿತ್ರೋತ್ಸವದ ಮುಖ್ಯ ತೀರ್ಪುಗಾರರ ಮಂಡಳಿಯ ಅತಿ ಕಿರಿಯ ಸದಸ್ಯೆಯಾದರು. ಮಂಡಳಿಯ ಅಧ್ಯಕ್ಷರಾಗಿದ್ದವರು ‘ಬೇಬೆಲ್’ನಲ್ಲಿ ಅವರನ್ನು ಪುಟ್ಟ ಹುಡುಗಿಯಾಗಿ ನಿರ್ದೇಶಿಸಿದ್ದ ಅಲೆಹಾಂಡ್ರೊ ಇನ್ಯಾರಿಟು.

ಅವರ ಹಾಸ್ಯಪ್ರಜ್ಞೆಯನ್ನು ಅರಿಯಲು ಸಿನಿಮಾ ಸಾಲದು, ‘ದ ಗ್ರೇಟ್’ ಸರಣಿ ಬೇಕು. 2020ರಿಂದ 2023ರವರೆಗೆ ಮೂರು ಸೀಸನ್‌ಗಳಲ್ಲಿ ಬಂದ 30 ಕಂತುಗಳ ಈ ಸರಣಿಯಲ್ಲಿ ಅವರು ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನ್. ಕಾರ್ಯಕಾರಿ ನಿರ್ಮಾಪಕರಲ್ಲಿ ಒಬ್ಬರು ಕೂಡ. ಇತಿಹಾಸ ಕಲಿಯಲು ಇದನ್ನು ನೋಡಬೇಡಿ, ಆಗೊಮ್ಮೆ ಈಗೊಮ್ಮೆ ಮಾತ್ರ ನಿಜವಾದ ಕಥೆಯೆಂದು ಅದು ತಾನೇ ಒಪ್ಪಿಕೊಂಡಿದೆ. ಮೂವತ್ತೂ ಕಂತುಗಳಿಗೆ ಬಿಡುವಿಲ್ಲದವರು ಮೊದಲ ಸೀಸನ್ನಿನ ಮೊದಲ ಮತ್ತು ಕೊನೆಯ ಕಂತನ್ನು ಹೋಲಿಸಿ ನೋಡಬಹುದು. ಮೊದಲನೆಯದರಲ್ಲಿ ಮದುವೆಯ ಕನಸು ಕಟ್ಟಿಕೊಂಡು ಬಂದವಳ ಮನಸ್ಸು ಪೂರ್ತಿ ಮುಖದ ಮೇಲಿದೆ; ಕೊನೆಯದರ ಹೊತ್ತಿಗೆ ಆಸ್ಥಾನದ ಎದುರು ಯಾವ ಮುಖವನ್ನು ತೋರಿಸಬೇಕೆಂದು ಅವಳು ಲೆಕ್ಕ ಹಾಕುತ್ತಿರುತ್ತಾಳೆ, ಆ ಲೆಕ್ಕ ನಮಗೆ ಮಾತ್ರ ಕಾಣುತ್ತದೆ. 2022ರಲ್ಲಿ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನ ದೊರೆತದ್ದು ಈ ಪಾತ್ರಕ್ಕೆ.

ಅದೇ ವರ್ಷದ ‘ದ ಗರ್ಲ್ ಫ್ರಮ್ ಪ್ಲೇನ್‌ವಿಲ್’ ಕಿರುಸರಣಿ ನಿಜವಾಗಿ ನಡೆದ ಪ್ರಕರಣವೊಂದನ್ನು ಆಧರಿಸಿದ್ದು, ಆತ್ಮಹತ್ಯೆಯ ವಿಷಯವನ್ನು ನೇರವಾಗಿ ಮುಟ್ಟುತ್ತದೆ. ಮನಸ್ಸು ಗಟ್ಟಿಯಿರುವ ದಿನ ಮಾತ್ರ ಆರಿಸಿಕೊಳ್ಳಿ. ಮೊದಲ ಕಂತಿನಲ್ಲಿಯೇ ಎಲ್ ನಿರ್ವಹಿಸಿದ ಹುಡುಗಿ ಟಿವಿ ಧಾರಾವಾಹಿಯೊಂದರ ಶೋಕದ ಸಂಭಾಷಣೆಯನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಾಳೆ. ‘ಸೂಪರ್ 8’ನಲ್ಲಿ ಎರವಲು ಮಾತು ನಿಜವಾದರೆ ಇಲ್ಲಿ ನಿಜವಾದ ದುಃಖಕ್ಕೂ ಎರವಲು ಮಾತೇ ಬೇಕಾಗುತ್ತದೆ, ಎರಡರಲ್ಲೂ ಕಣ್ಣೀರು ಒಂದೇ ತೆರನಾಗಿ ಹರಿಯುತ್ತದೆ. ಈ ಎರಡು ದೃಶ್ಯಗಳನ್ನು ಬೆನ್ನುಬೆನ್ನಿಗೆ ನೋಡುವುದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಸೂಚಿಸಲಾರೆ.

2024ರ ‘ಎ ಕಂಪ್ಲೀಟ್ ಅನ್‌ನೋನ್’ನಲ್ಲಿ ಬಾಬ್ ಡಿಲನ್ ಅವರ ಗೆಳತಿಯ ಪಾತ್ರ ದೊಡ್ಡದೇನಲ್ಲ. ಆದರೂ ವೇದಿಕೆಯ ಪಕ್ಕದಲ್ಲಿ ನಿಂತು, ಅವನು ಇನ್ನೊಬ್ಬಳೊಂದಿಗೆ ಹಾಡುವುದನ್ನು ನೋಡುತ್ತ, ತನಗೆ ಇಲ್ಲಿ ಜಾಗವಿಲ್ಲವೆಂದು ಅರಿಯುವ ಕೆಲವು ಕ್ಷಣಗಳಿಗಾಗಿ ಅದನ್ನು ನೋಡಬಹುದು.

ಕೊನೆಗೆ ಉಳಿಸಿಕೊಳ್ಳಬೇಕಾದದ್ದು 2025ರಲ್ಲಿ ಕಾನ್‌ನ ಎರಡನೆಯ ಅತಿ ದೊಡ್ಡ ಪ್ರಶಸ್ತಿಯಾದ ಗ್ರ್ಯಾಂಡ್ ಪ್ರಿ ಪಡೆದ, ನಾರ್ವೆಯ ಯೊಆಕಿಮ್ ಟ್ರಿಯರ್ ಅವರ ‘ಸೆಂಟಿಮೆಂಟಲ್ ವ್ಯಾಲ್ಯೂ’. ವಯಸ್ಸಾದ ನಿರ್ದೇಶಕನೊಬ್ಬ ಮಗಳಿಗಾಗಿ ಬರೆದ ಪಾತ್ರವನ್ನು ಮಗಳು ನಿರಾಕರಿಸಿದಾಗ ಅದು ರೇಚಲ್ ಕೆಂಪ್ ಎಂಬ ಅಮೆರಿಕನ್ ತಾರೆಯ ಪಾಲಾಗುತ್ತದೆ. ಎಲ್ ಮಾಡಬೇಕಾದ ಕೆಲಸ ವಿಚಿತ್ರವಾದದ್ದು: ರೇಚಲ್ ಒಳ್ಳೆಯ ನಟಿಯೂ ಆಗಿರಬೇಕು, ಆ ಪಾತ್ರಕ್ಕೆ ಒಗ್ಗದವಳೂ ಆಗಿರಬೇಕು. ಅವಳು ಕೂದಲಿಗೆ ಬಣ್ಣ ಹಾಕಿಸಿಕೊಳ್ಳುತ್ತಾಳೆ, ಮಾತನ್ನು ಮನಮುಟ್ಟುವಂತೆ ಒಪ್ಪಿಸುತ್ತಾಳೆ; ಎಲ್ಲ ಸರಿಯಿದ್ದೂ ಏನೋ ಸರಿಯಿಲ್ಲವೆಂಬುದು ಬೇರೆಯವರಿಗಿಂತ ಮೊದಲು ಅವಳಿಗೇ ಹೊಳೆಯುತ್ತದೆ. ಕೆಟ್ಟ ನಟಿಯನ್ನು ನಟಿಸಿ ನಗಿಸುವುದು ಸುಲಭ, ಇದು ಹಾಗಲ್ಲ. ಸುತ್ತಲಿನವರು ನಾರ್ವೇಜಿಯನ್ ಭಾಷೆಯಲ್ಲಿ ಮಾತನಾಡುವ ಮನೆಯೊಳಗೆ ಇಂಗ್ಲಿಷಿನೊಂದಿಗೆ ಒಂಟಿಯಾದವಳ ಮುಜುಗರವೂ ಇದರಲ್ಲಿ ಸೇರಿರುವುದರಿಂದ ಡಬ್ ಆದ ಆವೃತ್ತಿಯನ್ನು ಆರಿಸಬೇಡಿ; ಮೂಲ ಧ್ವನಿಯಲ್ಲಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಅದೇ ವರ್ಷದ ‘ಪ್ರೆಡೇಟರ್: ಬ್ಯಾಡ್‌ಲ್ಯಾಂಡ್ಸ್’ನಲ್ಲಿ ಅವರು ಸೊಂಟದ ಕೆಳಗಿನ ಭಾಗವನ್ನು ಕಳೆದುಕೊಂಡು ಅನ್ಯಗ್ರಹದ ಬೇಟೆಗಾರನ ಬೆನ್ನೇರಿದ ವಾಚಾಳಿ ಯಂತ್ರಮಾನವಿ, ಅವಳದೇ ಮುಖದ ನಿಷ್ಕರುಣಿ ಜೋಡಿಯೂ ಅವರೇ. ಅದನ್ನು ಯಾವ ಭಾಷೆಯಲ್ಲಿ ನೋಡಿದರೂ ಅಡ್ಡಿಯಿಲ್ಲ, ಅದರ ನಾಯಕ ಆಡುವ ಭಾಷೆ ಆ ಚಿತ್ರಕ್ಕಾಗಿಯೇ ಕಟ್ಟಿದ್ದು.