ದೀಪದೆಣ್ಣೆ ಕುಡಿದ ಕ್ರಯಪತ್ರ

ಜಮೀನಿನ ಹಳೆ ಪತ್ರಗಳನ್ನು ದೇವರ ಮನೆಯಲ್ಲಿ ಇಡುವ ರೂಢಿ ನಮ್ಮ ಕಡೆ ಇದೆ. ಹಾಗಾಗಿ ಸರಿಮಾಡಲು ನನ್ನ ಹತ್ತಿರ ಬರುವ ಕಾಗದಗಳಲ್ಲಿ ದೀಪದೆಣ್ಣೆ ಕಲೆಯೇ ಜಾಸ್ತಿ. ಈಚೆಗೆ ಬಂದದ್ದು 1938ರ ಕ್ರಯಪತ್ರ. ಅರ್ಧ ಪುಟ ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು, ಹಿಂಬದಿಯ ಬರಹ ಮುಂದಕ್ಕೂ ಕಾಣುತ್ತಿತ್ತು. ನಾರುಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲಿ ಎಣ್ಣೆ ತುಂಬಿಕೊಂಡರೆ ಕಾಗದದ ಆಚೆಬದಿ ಹೀಗೆ ಕಾಣತೊಡಗುತ್ತದೆ. ಕಲೆ ಅಂದ ಕೆಡಿಸಿದರೆ ಪರವಾಗಿಲ್ಲ. ಆದರೆ ಹಳಸಿದ ಎಣ್ಣೆಯಲ್ಲಿ ಆಮ್ಲ ಹುಟ್ಟಿ ಕಾಗದ ಮುರುಕಲಾಗುತ್ತದೆ. ನನ್ನ ಚಿಂತೆ ಅದು.

ಇಂಥ ಪತ್ರ ಬಂದಾಗ ನಾನು ಮೊದಲು ಕೇಳುವುದು, "ನಿಮ್ಮನೇಲಿ ದೀಪಕ್ಕೆ ಯಾವ ಎಣ್ಣೆ ಹಾಕ್ತಿದ್ರು?" ಮುಂದಿನ ಕೆಲಸವೆಲ್ಲ ಆ ಉತ್ತರದ ಮೇಲೆ ನಿಂತಿದೆ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಪೆಟ್ರೋಲಿಯಂ ಈಥರ್ ಎಂಬ, ಪೆಟ್ರೋಲಿನಂಥ ತೆಳು ದ್ರಾವಕದಲ್ಲಿ ಚೆನ್ನಾಗಿ ಕರಗುತ್ತವೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ, ಹಳೆಯದಾದರೆ ಬಿಡಿಸುವುದು ತೀರಾ ಕಷ್ಟ. ಹರಳೆಣ್ಣೆಯದ್ದು ಬೇರೆಯೇ ಗುಣ. ಪೆಟ್ರೋಲಿಯಂ ಈಥರ್‌ಗೆ ಅದು ಸರಿಯಾಗಿ ಕರಗುವುದಿಲ್ಲ, ಸ್ಪಿರಿಟ್ಟೇ (ಆಲ್ಕೋಹಾಲ್) ಬೇಕು.

ಈ ಮನೆಯವರು ಹೇಳಿದ್ದು ಹರಳೆಣ್ಣೆ. ಪತ್ರದ ಮೇಲೆ ನೇರಳೆ ಬಣ್ಣದ ರಬ್ಬರ್ ಮೊಹರು ಇತ್ತು. ಮೂಲೆಗಳಿಗೆ ಅರಿಶಿನ ಹಚ್ಚಿದ್ದರು. ಸ್ಪಿರಿಟ್ ಸೋಕಿದರೆ ಎರಡೂ ಹರಡುತ್ತವೆ. ಬರಹ ಅನ್ನಭೇದಿ (ಕಬ್ಬಿಣದ ಲವಣ) ಹಾಕಿ ಮಾಡಿದ ಕಪ್ಪು ಮಸಿಯದು. ಅದು ಸ್ಪಿರಿಟ್‌ಗೆ ಕರಗುವುದಿಲ್ಲ. ಆದರೂ ಸುಮ್ನೆ ನಂಬಲಿಲ್ಲ. ಒಂದು ಅಕ್ಷರದ ಬಾಲಕ್ಕೆ ಕಡ್ಡಿಯ ತುದಿಯಲ್ಲಿ ಸ್ಪಿರಿಟ್ ಮುಟ್ಟಿಸಿ, ಬ್ಲಾಟಿಂಗ್ ಪೇಪರ್ ಒತ್ತಿ ನೋಡಿದೆ. ಬಣ್ಣ ಬರಲಿಲ್ಲ.

ಕೈ ಹಾಕುವ ಮೊದಲೇ ಫೋಟೊ ತೆಗೆದಿದ್ದೆ. ಹಿಂದೆ ಕಪ್ಪು ಕಾಗದ ಇಟ್ಟರೆ ಹಿಂಬದಿಯ ಬರಹ ಮಂಕಾಗಿ ಮುಂದಿನ ಸಾಲು ಓದಲು ಸಿಗುತ್ತದೆ. ಮನೆಯವರಿಗೆ ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಪಡೆಯಲೂ ಹೇಳಿದೆ. ನೋಂದಣಿಯಾದ ಪತ್ರದ ನಕಲು ಕೇಳಿ ಪಡೆಯಲು 1908ರ ನೋಂದಣಿ ಕಾಯ್ದೆಯಲ್ಲೇ ಅವಕಾಶವಿದೆ. ನಕಲು ಕೈಯಲ್ಲಿದ್ದರೆ ಮೂಲಪತ್ರವನ್ನು ಪಳಪಳ ಮಾಡಿಕೊಡಿ ಎಂಬ ಒತ್ತಾಯ ಇರುವುದಿಲ್ಲ, ಅಲ್ವಾ?

ಕಲೆಯ ಮೇಲೆ ತೆಳು ಕಾಗದ ಇಟ್ಟು ರಾತ್ರಿಯಿಡೀ ಭಾರ ಹೇರಿದೆ. ಬೆಳಿಗ್ಗೆ ಅದರಲ್ಲಿ ಜಿಡ್ಡಿನ ಗುರುತು ಮೂಡಿತ್ತು. ಅಂದರೆ ಹೊರಗೆ ಎಳೆದುಕೊಳ್ಳಬಹುದಾದ ಎಣ್ಣೆ ಇನ್ನೂ ಇದೆ. ಜರಡಿ ಹಿಡಿದ ಮುಲ್ತಾನಿ ಮಿಟ್ಟಿಯನ್ನು ಒಣಗಿಸಿ ಹರಡಿದೆ. ನೇರವಾಗಿ ಅಲ್ಲ, ಪತ್ರಕ್ಕೂ ಪುಡಿಗೂ ನಡುವೆ ಟಿಶ್ಯೂ ಇರಬೇಕು. ಇಲ್ಲದಿದ್ದರೆ ಪುಡಿ ನಾರಿಗೆ ಕಚ್ಚುತ್ತದೆ. ಜಿಡ್ಡು ಏರುವುದು ನಿಲ್ಲುವವರೆಗೂ ಪುಡಿ ಬದಲಿಸುತ್ತಾ ಹೋದೆ. ಈ ಹಂತಕ್ಕೆ ಎಷ್ಟು ತಾಳ್ಮೆ ಕೊಟ್ಟರೂ ನಷ್ಟವಿಲ್ಲ. ಇಲ್ಲಿ ಹೊರಬಂದಷ್ಟು ಎಣ್ಣೆಗೆ ಸ್ಪಿರಿಟ್ ಕಡಿಮೆ ಸಾಕು.

ಆಮೇಲೆ ಕಿಟಕಿ ತೆರೆದು, ಬೆಂಕಿಯಿಂದ ದೂರ ಕೂತು ಸ್ಪಿರಿಟ್ ಕೆಲಸ. ಕಲೆಯ ಬದಿ ಬ್ಲಾಟಿಂಗ್ ಪೇಪರ್ ಮೇಲೆ ಬರುವಂತೆ ಪತ್ರ ಮಗುಚಿಟ್ಟು, ಬೆನ್ನಿನಿಂದ ಹತ್ತಿಯಲ್ಲಿ ಒತ್ತಿದೆ. ಉಜ್ಜಲೇಬಾರದು. ಅಂಚಿನಿಂದ ನಡುವಿಗೆ ಬರಬೇಕು, ಇಲ್ಲದಿದ್ದರೆ ಸುತ್ತ ಕಂದು ಗೆರೆ ಕೂರುತ್ತದೆ. ಮೊಹರು, ಅರಿಶಿನದ ಸುತ್ತ ಅಗಲವಾಗಿ ಜಾಗ ಬಿಟ್ಟೆ. ಅಲ್ಲಿನ ಕಲೆ ಇರಲಿ. ಮೊಹರು ಪತ್ರದ ಸಾಕ್ಷಿ.

ಬ್ಲೀಚ್ ಹಾಕಲಿಲ್ಲ, ಅದು ನಾರನ್ನೇ ತಿನ್ನುತ್ತದೆ. ಆಮ್ಲ ತೆಗೆಯಲು ಸುಣ್ಣದ ತಿಳಿನೀರು ಬಳಸುವುದುಂಟು. ಇಲ್ಲಿ ಅದೂ ಆಗದು. ಸುಣ್ಣ ಸೋಕಿದರೆ ಅರಿಶಿನ ಕೆಂಪಾಗುತ್ತದೆ, ಮೊಹರಿಗೆ ನೀರೂ ಆಗದು. ಮಡಿಕೆ ಹರಿದ ಕಡೆ ಜಪಾನಿ ಟಿಶ್ಯೂ ಎಂಬ ತೆಳುವಾದ ಗಟ್ಟಿ ಕಾಗದವನ್ನು ಅಂದೇ ಮಾಡಿದ ಗೋಧಿ ಪಿಷ್ಟದ ಅಂಟಿನಲ್ಲಿ ಕೂರಿಸಿದೆ. ಬೈಂಡಿಂಗ್‌ನವರು ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ. ಅದರ ತಾಮ್ರ ಕಾಗದಕ್ಕೆ ಕೇಡು, ಹಾಗಾಗಿ ನಾನು ಹಾಕುವುದಿಲ್ಲ.

ಕಲೆ ಪೂರ್ತಿ ಹೋಗಿಲ್ಲ, ತಿಳಿ ಕಂದಾಗಿ ಉಳಿದಿದೆ. ಜಮೀನಿನ ನಾಲ್ಕು ಗಡಿ ಹೇಳುವ ಚಕ್ಕುಬಂದಿಯ ಸಾಲುಗಳು ಮಾತ್ರ ಈಗ ಸಲೀಸಾಗಿ ಓದಲು ಬರುತ್ತವೆ. ಪತ್ರ ವಾಪಸ್ ಕೊಡುವಾಗ ಮನೆಯವರು ಲ್ಯಾಮಿನೇಶನ್ ಮಾಡಿಸಲಾ ಎಂದು ಕೇಳಿದರು. ದಯವಿಟ್ಟು ಬೇಡ ಎಂದೆ. ಆ ಬಿಸಿಗೆ ಉಳಿದ ಎಣ್ಣೆ ಮತ್ತೆ ಹರಡುತ್ತದೆ, ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸಲು ಆಗುವುದಿಲ್ಲ. ಆಮ್ಲವಿಲ್ಲದ ಕಾಗದದ ಫೋಲ್ಡರ್‌ನಲ್ಲಿ ಮಡಿಸದೆ ಇಟ್ಟು, ಬೀರುವಿನಲ್ಲಿಡಲು ಹೇಳಿದ್ದೇನೆ.